ಅಡುಗೆಮನೆ ಕಡೆಯ ಮೂಲೆ
ಮನೆಗೆ ಬಂದವರನ್ನು ಕೂರಿಸುವ ಮೊದಲು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯದಿದ್ದರೆ ಈ ಫ್ರಿಜ್ ಮೆಕ್ಯಾನಿಕ್ಕಿಗೆ ಸಮಾಧಾನವಿಲ್ಲ. "ನಿಮಗೆ ನೂರೆಪ್ಪತ್ತು ಸೆಂಟಿಮೀಟರಿನ ಜೋಡಿ ಸರಿಹೋಗುತ್ತೆ" ಎಂದು ತೀರ್ಪು ಕೊಟ್ಟ ಮೇಲೆಯೇ ಕಾಫಿ. ಹಿಮದ ಮೇಲೆ ಜಾರುವ ಸ್ಕೀಗಳನ್ನು ಮನೆಯಲ್ಲೇ ಮಾಡುವುದು ಅವನ ಹುಚ್ಚು. ಅಂಗಡಿಯ ಸ್ಕೀ ಕಂಡರೆ ಮೂಗು ಮುರಿಯುತ್ತಾನೆ. ತುದಿ ಬಾಗಿದ ಮರದ ಅಚ್ಚಿನ ಮೇಲೆ ತೆಳು ಹಲಗೆ, ಗಾಜಿನ ನಾರಿನ ಬಟ್ಟೆ, ಅಂಟು ಎಲ್ಲವನ್ನೂ ಮಗುವಿಗೆ ಹೊದಿಸಿದ ಹಾಗೆ ಪದರ ಪದರವಾಗಿ ಹಾಸಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಅಂಚನ್ನೆಲ್ಲ ಅಂಟುಪಟ್ಟಿಯಿಂದ ಮುಚ್ಚಿ, ಹಳೆಯ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿಯನ್ನೆಲ್ಲ ಹೀರಿಸುತ್ತಾನೆ. ಚೀಲ ಬಿಗಿಯಾಗಿ ಒತ್ತಿದರೆ ಮಾತ್ರ ಪದರಗಳು ಒಂದಾಗುವುದು. ಎಲ್ಲಾದರೂ ಸೋರಿದರೆ ವಾರದ ಕೆಲಸ ನೀರುಪಾಲು. ಪ್ರತಿ ಸಲವೂ ಸೋರುತ್ತದೆ. "ಇವಳೇ, ಬೇಗ ಬಾರೇ! ಒತ್ತಡದ ಮೀಟರಿನ ಮುಳ್ಳು ಇಳೀತಿದೆ, ಎಲ್ಲಿ ಸೋರ್ತಿದೆಯೋ, ಸುಯ್ ಅನ್ನೋ ಸದ್ದು ನನ್ನ ಕಿವಿಗೆ ಕೇಳಿಸ್ತಿಲ್ಲ!" ಪಕ್ಕದ ಮನೆಯವರು ಬಿಸ್ಕತ್ತಿನ ಡಬ್ಬಿ ತೆರೆದರೂ ಕೇಳಿಸಿಕೊಳ್ಳುವ ಕಿವಿ ಅದು. "ಈ ಹಲಗೆಗಳ ಜೊತೇನೇ ಸಂಸಾರ ಮಾಡಿ ನೀವು" ಎಂದು ಗೊಣಗುತ್ತಾ ಹೆಂಡತಿ ಒದ್ದೆ ಕೈ ಒರೆಸಿಕೊಂಡು ಬರುತ್ತಾಳೆ. ಅವನು ಅಂಟುಪಟ್ಟಿ ಹಿಡಿದು ಆ ತುದಿಯಿಂದ ಹುಡುಕುವ ನಾಟಕ ಶುರುಮಾಡುತ್ತಾನೆ. ಅವಳು ಕಿವಿ ಇಡುವುದೂ ಇಲ್ಲ, ಹುಡುಕುವುದೂ ಇಲ್ಲ. ನೇರವಾಗಿ ಚೀಲದ ಅಡುಗೆಮನೆ ಕಡೆಯ ಮೂಲೆಗೆ ಹೋಗಿ, ಅವನು ಪ್ರತಿ ಸಲವೂ ಬೆರಳಗಲ ಅಂಟಿಸದೆ ಬಿಡುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, "ಅಯ್ಯೋ, ಇಲ್ಲಿದೆ ನೋಡಿ" ಎಂದು ಅಚ್ಚರಿಪಟ್ಟು, ಸ್ಟೂಲ್ ಎಳೆದುಕೊಂಡು ಕೂತರೆ ಅಂಟು ಗಟ್ಟಿಯಾಗುವ ತನಕ ಏಳುವುದಿಲ್ಲ.