ಎಡಗಡೆ ಸ್ಟೀರಿಂಗಿನ ಜೀಪು

ನಾನು ಚಿಕ್ಕವಳಿದ್ದಾಗ ನಮ್ಮ ತೆಂಗಿನ ತೋಟದ ಕೊಟ್ಟಿಗೆಯಲ್ಲಿ ಎಮ್ಮೆಗಳ ಬದಲು ಮೂರು ಮಿಲಿಟರಿ ಜೀಪುಗಳಿದ್ದವು. ನಗಬೇಡಿ, ನಿಜವಾಗಿಯೂ ಇದ್ದವು. ಮಹಾಯುದ್ಧ ಮುಗಿದು ಎಷ್ಟೋ ವರ್ಷಗಳಾದರೂ ಸೈನ್ಯದವರು ಬೇಡವೆಂದು ಬಿಟ್ಟ ಗಾಡಿಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕುತ್ತಿದ್ದರು. ಅಪ್ಪ ಒಂದೊಂದಾಗಿ ಮೂರನ್ನು ಕೊಂಡು, ಲಾರಿಗೆ ಹೇರಿಸಿ, ಹಳೇಬೀಡಿನ ಪಕ್ಕದ ನಮ್ಮ ಊರಿಗೆ ತಂದಿದ್ದ. ಒಂದಕ್ಕೆ ಇಂಜಿನ್ ಇರಲಿಲ್ಲ, ಇನ್ನೊಂದಕ್ಕೆ ಗೇರ್‌ಬಾಕ್ಸ್ ಇರಲಿಲ್ಲ. ಮೂರನೆಯದಕ್ಕೆ ಏನಿದೆ ಅಂತ ಕೇಳಿದರೆ ಅಪ್ಪನಿಗೆ ಸಿಟ್ಟೇ ಬರುತ್ತಿತ್ತು. ರಾಗಿ ಕೊಯ್ಲು ಮುಗಿಯಿತೋ ಇಲ್ಲವೋ, ಕೊಟ್ಟಿಗೆ ಸೇರಿಬಿಡುತ್ತಿದ್ದ. ಎರಡು ವರ್ಷ ಹೆಣಗಿ ಮೂರನ್ನೂ ಬಿಚ್ಚಿ, ಓಡುವಂಥ ಒಂದು ಜೀಪು ಮಾಡಿದ. ಊಟಕ್ಕೆ ಕೂತಾಗಲೂ ಅವನ ಮೈಯಿಂದ ಗ್ರೀಸು, ಪೆಟ್ರೋಲಿನ ವಾಸನೆ ಬರುತ್ತಿತ್ತು. ಹಸಿರು ಬಣ್ಣ ಎಷ್ಟು ಸಲ ಬಳಿದರೂ ಬಾನೆಟ್ಟಿನ ಮೇಲಿನ ಹಳೆಯ ಬಿಳಿ ನಕ್ಷತ್ರ ಅಡಿಯಿಂದ ಇಣುಕುತ್ತಲೇ ಇತ್ತು.

ಆದರೆ ಆ ಜೀಪನ್ನು ರಸ್ತೆಯಲ್ಲಿ ಓಡಿಸಬೇಕಾದರೆ ಬ್ರೇಕ್ ಇನ್ಸ್‌ಪೆಕ್ಟರು ನೋಡಿ ಪಾಸ್ ಮಾಡಬೇಕಿತ್ತು. ಅವರು ತಿಂಗಳಿಗೊಂದು ದಿನ ಅರಸೀಕೆರೆಗೆ ಬಂದು ಮಧ್ಯಾಹ್ನ ಹನ್ನೆರಡಕ್ಕೆಲ್ಲ ಎದ್ದು ಹೋಗುತ್ತಿದ್ದರು. ನಮ್ಮ ಜೀಪು ಆಗಲೇ ಎರಡು ಸಲ ಫೇಲಾಗಿತ್ತು. ಎಮ್ಮೆಗಳು ಮಳೆಯಲ್ಲಿ ನೆನೆಯುತ್ತಿವೆ, ಈ ಕಬ್ಬಿಣದ ಪೀಡೆಗಳಿಗೆ ಸೂರು ಬೇರೆ ಕೇಡು ಅಂತ ಅಜ್ಜಿ ದಿನಾ ಗೊಣಗುತ್ತಿದ್ದಳು. ಕೊನೆಗೆ ಅಪ್ಪ ಅವಳಿಗೆ ಮಾತು ಕೊಟ್ಟ. ಈ ಸಲ ಪಾಸಾಗದಿದ್ದರೆ ಎಲ್ಲವನ್ನೂ ಗುಜರಿಯವನಿಗೆ ಕೊಟ್ಟುಬಿಡುತ್ತೇನೆ ಎಂದ.

ಆ ಜೀಪಿಗೆ ಸ್ಟೀರಿಂಗ್ ಇದ್ದದ್ದು ಎಡಗಡೆ. ಪರದೇಶದ ಗಾಡಿ, ಅವರ ರೂಢಿಗೆ ತಕ್ಕ ಹಾಗೆ ಮಾಡಿದ್ದರು. ನಮ್ಮ ರಸ್ತೆಯಲ್ಲಿ ಎತ್ತಿನ ಗಾಡಿಯ ಹಿಂದೆ ಸಿಕ್ಕಿಕೊಂಡರೆ, ಎಡಕ್ಕೆ ಕೂತ ಅಪ್ಪನಿಗೆ ಎದುರಿನಿಂದ ಏನು ಬರುತ್ತಿದೆ ಅಂತ ಕಾಣುತ್ತಿರಲಿಲ್ಲ. ಬಲಗಡೆ ಕೂತವರು ಇಣುಕಿ ನೋಡಿ, ದಾರಿ ಖಾಲಿ ಇದೆಯೋ ಇಲ್ಲವೋ ಹೇಳಬೇಕಿತ್ತು. ಹಿಂದಿನ ಎರಡು ಸಲ ಚಿಕ್ಕಪ್ಪ ಕೂತಿದ್ದ. ಈ ಸಲ ಅವನಿಗೆ ಜ್ವರ. ಅಪ್ಪ ಅಕ್ಕನನ್ನು ಕರೆದು ಆ ಸೀಟಿನಲ್ಲಿ ಕೂರಿಸಿದ.

ಅಕ್ಕನಿಗೆ ದೂರದ್ದು ಕಾಣುತ್ತಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿದ್ದ ಗುಟ್ಟು. ಕೆರೆ ಏರಿಯ ಮೇಲೆ ಯಾರಾದರೂ ಬಂದರೆ, ಯಾರೇ ಅದು ಅಂತ ಮೆಲ್ಲಗೆ ನನ್ನನ್ನೇ ಕೇಳುತ್ತಿದ್ದಳು. ಕನ್ನಡಕ ಹಾಕಿದ ಹುಡುಗಿಯನ್ನು ಯಾರೂ ಮದುವೆಯಾಗುವುದಿಲ್ಲ ಅಂತ ಅಜ್ಜಿ ಯಾವಳನ್ನೋ ಆಡಿಕೊಂಡದ್ದನ್ನು ಅಕ್ಕ ಕೇಳಿಸಿಕೊಂಡಿದ್ದಳು. ಅಂದಿನಿಂದ ನಾಲ್ಕು ವರ್ಷ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಹದಿನಾಲ್ಕು, ನನಗೆ ಎಂಟು. ನಾನೂ ಬರುತ್ತೇನೆ ಅಂತ ನೆಲಕ್ಕೆ ಬಿದ್ದು ರಂಪ ಮಾಡಿ ಜೀಪು ಹತ್ತಿದೆ.

ಹಿಂದೆ ಕೂತು ಅಕ್ಕನ ಭುಜದ ಮೇಲೆ ಕೈ ಇಟ್ಟೆ. ಹೊರಡುವ ಮೊದಲೇ ಇಬ್ಬರೂ ಪಿಸುಗುಟ್ಟಿ ಮಾತಾಡಿಕೊಂಡಿದ್ದೆವು. ಒಂದು ಸಲ ತಟ್ಟಿದರೆ ದಾರಿ ಖಾಲಿ, ಎರಡು ಸಲ ತಟ್ಟಿದರೆ ತಡಿ ಅಂತ. ಎಂಥ ದಡ್ಡ ಏರ್ಪಾಡು! ಈಗ ನೆನೆಸಿಕೊಂಡರೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಜಾವಗಲ್ ತನಕ ಎಲ್ಲ ಸರಿಯಾಗಿಯೇ ನಡೆಯಿತು. ಅಪ್ಪ ಕೇಳುತ್ತಿದ್ದ, ನಾನು ತಟ್ಟುತ್ತಿದ್ದೆ, ಅಕ್ಕ ಹೇಳುತ್ತಿದ್ದಳು. ಅಪ್ಪ ಖುಷಿಯಾಗಿ, ನಿನ್ನ ಚಿಕ್ಕಪ್ಪನಿಗಿಂತ ನೀನೇ ವಾಸಿ ಅಂತ ಅವಳನ್ನು ಹೊಗಳಿದ. ಅಕ್ಕನ ಭುಜ ಮಾತ್ರ ನನ್ನ ಅಂಗೈಯಡಿ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು.

ಜಾವಗಲ್ಲಿನಲ್ಲಿ ಅಂದು ಸಂತೆ. ಊರು ದಾಟಿದ ಮೇಲೆ ತೆಂಗಿನಕಾಯಿ ಹೇರಿದ ಗಾಡಿಗಳು ಸಾಲಾಗಿ ಮುಂದೆ ಹೋಗುತ್ತಿದ್ದವು. ಕೆಂಪು ಧೂಳು ಎದ್ದು ಮೂಗು, ಬಾಯಿ ಎಲ್ಲ ಮಣ್ಣಾಯಿತು. ಹೊತ್ತು ಏರುತ್ತಿತ್ತು. ಹನ್ನೆರಡರೊಳಗೆ ಮುಟ್ಟುತ್ತೇವೋ ಇಲ್ಲವೋ ಅಂತ ಅಪ್ಪ ಚಡಪಡಿಸುತ್ತಿದ್ದ.

“ಮುಂದೆ ಖಾಲಿ ಐತೇನವ್ವಾ?” ಎಂದು ಕೇಳಿದ.

ನಾನು ಕಣ್ಣಿಗೆ ಬಿದ್ದ ಧೂಳನ್ನು ಒಂದು ಕೈಯಲ್ಲಿ ಉಜ್ಜಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚಕ್ರ ಗುಂಡಿಗೆ ಇಳಿದು ಜೀಪು ಎಗರಿತು. ಇನ್ನೊಂದು ಕೈ ಅಕ್ಕನ ಭುಜಕ್ಕೆ ಪಟ್ಟನೆ ಬಡಿಯಿತು. ಒಂದೇ ಸಲ.

“ಐತೆ ಹೋಗಪ್ಪಾ” ಎಂದಳು ಅಕ್ಕ.

ಅಪ್ಪ ಬಲಕ್ಕೆ ತಿರುಗಿಸಿ ಗಾಡಿಗಳ ಪಕ್ಕಕ್ಕೆ ನುಗ್ಗಿದ. ನಾನು ಕಣ್ಣು ಬಿಟ್ಟರೆ ಎದುರಿಗೆ ಬಸ್ಸು. ಅದರ ಮುಖ, ಅದರ ದೀಪಗಳು, ಡ್ರೈವರನ ತೆರೆದ ಬಾಯಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಅಪ್ಪ ಸ್ಟೀರಿಂಗನ್ನು ಇನ್ನೂ ಬಲಕ್ಕೆ ಎಳೆದ. ಜೀಪು ರಸ್ತೆ ಬಿಟ್ಟು, ಚರಂಡಿ ಹಾರಿ, ಹುರುಳಿ ಹೊಲಕ್ಕೆ ಇಳಿದು, ಧಡಧಡ ಅಲ್ಲಾಡಿ ನಿಂತಿತು. ಬಸ್ಸು ಹಾರ್ನ್ ಹೊಡೆಯುತ್ತಾ ನಮ್ಮ ಬೆನ್ನ ಹಿಂದೆ ಹಾದುಹೋಯಿತು. ಬೇರೆ ಯಾವ ಗಾಡಿಯಾಗಿದ್ದರೂ ಮಗುಚಿಕೊಳ್ಳುತ್ತಿತ್ತು, ಈ ಕಥೆ ಹೇಳುವುದಕ್ಕೆ ನಾನಿರುತ್ತಿರಲಿಲ್ಲ.

ಅಪ್ಪ ಇಳಿದು ಬಂದು ನಮ್ಮಿಬ್ಬರ ಕೈಕಾಲು, ತಲೆ ಎಲ್ಲ ಮುಟ್ಟಿ ನೋಡಿದ. ಅಷ್ಟು ದೊಡ್ಡ ಬಸ್ಸು ಕಾಣಲಿಲ್ಲವೇ ಎಂದು ಕೇಳಿದ. ಅಕ್ಕ ತಲೆ ಬಗ್ಗಿಸಿದಳು. ನಾನು ತಡೆಯಲಾರದೆ ಅಳುತ್ತಾ ಹೇಳಿಬಿಟ್ಟೆ.

“ಅವಳಿಗೆ ದೂರದ್ದು ಕಾಣಾಕಿಲ್ಲ ಕಣಪ್ಪಾ. ನಾನೇ ತಟ್ಟಿ ಹೇಳ್ತಿದ್ದೆ.”

ಕನ್ನಡಕದ ವಿಷಯ, ಅಜ್ಜಿ ಆಡಿದ ಮಾತು ಎಲ್ಲವನ್ನೂ ಒದರಿದೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈಗ ಬೈಗುಳ ಬೀಳುತ್ತದೆ, ಏಟೂ ಬೀಳುತ್ತದೆ ಅಂದುಕೊಂಡೆ. ಅಪ್ಪ ಬದುವಿನ ಮೇಲೆ ಕುಸಿದು ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನಾಲ್ಕು ಚಕ್ರಕ್ಕೂ ಗೇರ್ ಹಾಕಿ ಜೀಪನ್ನು ಹೊಲದಿಂದ ಹತ್ತಿಸಿದ. ನಮ್ಮಿಬ್ಬರನ್ನೂ ಹಿಂದಕ್ಕೆ ಕೂರಿಸಿದ. ಬಲಗಡೆಯ ಸೀಟು ಖಾಲಿಯೇ ಉಳಿಯಿತು. ಅಲ್ಲಿಂದಾಚೆ ಅಪ್ಪ ಒಂದು ಗಾಡಿಯನ್ನೂ ಹಿಂದೆ ಹಾಕಲಿಲ್ಲ. ಗಾಡಿಗಳು ದಾರಿ ಬಿಡುವ ತನಕ ಎತ್ತುಗಳ ಹೆಜ್ಜೆಗೆ ಸರಿಯಾಗಿ ತೆವಳುತ್ತಾ ಹೋದೆವು. ಇಂಜಿನ್ ಕಾದು ಹೊಗೆಯಾಡಿತು. ಅರಸೀಕೆರೆ ಮುಟ್ಟಿದಾಗ ಹನ್ನೆರಡಕ್ಕೆ ಹತ್ತೇ ನಿಮಿಷವಿತ್ತು.

ಇನ್ಸ್‌ಪೆಕ್ಟರು ಇನ್ನೂ ಇದ್ದರು. ದೂರದಿಂದಲೇ ಅವರ ಮೇಜು, ಮುಂದೆ ನಿಂತ ಎರಡು ಲಾರಿಗಳು ಕಾಣುತ್ತಿದ್ದವು. ಕಣ್ಣಿನ ಡಾಕ್ಟರು ವಾರಕ್ಕೊಮ್ಮೆ ಆಸ್ಪತ್ರೆಗೆ ಬರುವ ದಿನವೂ ಅದೇ, ಅವರೂ ಹನ್ನೆರಡಕ್ಕೆ ಏಳುತ್ತಿದ್ದರು. ಅಪ್ಪ ರಸ್ತೆ ಕವಲೊಡೆಯುವ ಕಡೆ ಜೀಪು ನಿಲ್ಲಿಸಿದ. ಮೊದಲು ಜೀಪು ಪಾಸ್ ಮಾಡಿಸು, ಡಾಕ್ಟರ ಹತ್ತಿರ ಮುಂದಿನ ವಾರ ಹೋದರಾಯಿತು ಅಂತ ಅಕ್ಕ ಬೇಡಿಕೊಂಡಳು.

“ನಾಕು ವರ್ಸ ಕಾದಿದ್ದೀಯ ಕಣವ್ವಾ. ಇನ್ನೊಂದು ದಿನ ಬ್ಯಾಡ” ಎಂದು ಅಪ್ಪ ಆಸ್ಪತ್ರೆಯ ಕಡೆ ತಿರುಗಿಸಿದ.

ಕನ್ನಡಕಕ್ಕೆ ಚೀಟಿ ಬರೆಸಿಕೊಂಡು ನಾವು ಹೊರಗೆ ಬಂದಾಗ ಇನ್ಸ್‌ಪೆಕ್ಟರು ಹೋಗಿಯಾಗಿತ್ತು. ಮನೆಯಲ್ಲಿ ಎಲ್ಲ ಕೇಳಿದ ಅಜ್ಜಿ ಒಳಗೆ ಹೋಗಿ ಮಲಗಿದಳು. ಮಾರನೆಯ ದಿನ ಅವಳೇ ಬಂದು, ಜೀಪು ಇರಲಿ ಬಿಡು ಎಂದಳು. ಅಪ್ಪ ಕೇಳಲಿಲ್ಲ. ಮಾತು ಕೊಟ್ಟದ್ದಕ್ಕಲ್ಲ, ಮಗಳ ಕಣ್ಣು ನೋಡದೆ ಎರಡು ವರ್ಷ ಕಬ್ಬಿಣ ನೋಡಿಕೊಂಡು ಕೂತಿದ್ದೆನಲ್ಲ ಎಂದ. ಎಂಟು ದಿನದಲ್ಲಿ ಗುಜರಿಯ ಲಾರಿ ಬಂತು. ಜೀಪನ್ನು ಹಗ್ಗ ಕಟ್ಟಿ ಎಳೆಯುವಾಗ ಅಪ್ಪ ತೋಟದ ಆ ತುದಿಗೆ ಹೋಗಿ ನಿಂತಿದ್ದ. ಅಕ್ಕನ ಕನ್ನಡಕ ಬಂದದ್ದು ಅದಾದ ಮೇಲೆ. ಅದನ್ನು ಹಾಕಿಕೊಂಡು ಅವಳು ನೇರ ಖಾಲಿ ಕೊಟ್ಟಿಗೆಗೆ ಹೋಗಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಮಾತ್ರ ಸಾಯುವ ತನಕ ಒಂದು ದಿನವೂ ಆ ಜೀಪಿನ ಮಾತು ಎತ್ತಿ ಅವಳ ಮನಸ್ಸು ನೋಯಿಸಲಿಲ್ಲ.

ನಿಮ್ಮ ಕಾಲವೇ ಬೇರೆ, ಮಕ್ಕಳೇ. ಶಾಲೆಗೇ ಬಂದು ಕಣ್ಣು ಪರೀಕ್ಷೆ ಮಾಡುತ್ತಾರೆ. ಹೋದ ತಿಂಗಳು ನಿಮ್ಮಲ್ಲೊಬ್ಬಳು ನೀಲಿ ಕನ್ನಡಕ ಬೇಡ, ಗುಲಾಬಿಯದೇ ಬೇಕು ಅಂತ ಅಂಗಡಿಯಲ್ಲಿ ಹಟ ಹಿಡಿದು ಕೂತಿದ್ದಳು. ಎಲ್ಲರೂ ಬೈದರು. ನನಗೆ ಬೈಯಲು ಬಾಯಿ ಬರಲಿಲ್ಲ. ನಮ್ಮ ಮನೆಯ ಮೊದಲ ಕನ್ನಡಕಕ್ಕೆ ನಮ್ಮಪ್ಪ ಒಂದು ಜೀಪನ್ನೇ ಕೊಟ್ಟಿದ್ದ.