ತಣ್ಣಗಾದ ಕೈ

ನನ್ನ ತಮ್ಮ ಮಾದೇವನ ಕೈ ತಣ್ಣಗಿತ್ತು. "ಜ್ವರ ಬಿಟ್ಟಿದೆ, ಗಂಜಿಗಿಡಿ" ಎಂದು ನ್ಯಾಯಾಧೀಶನ ಗತ್ತಿನಲ್ಲಿ ತೀರ್ಪಿತ್ತೆ. ದೇವನೂರಿನ ನಮ್ಮ ಮನೆಯಲ್ಲಿ ಥರ್ಮಾಮೀಟರ್ ಇರಲಿಲ್ಲ; ಹಿರಿಯ ಮಗನಾದ ನನ್ನ ಅಂಗೈಗೇ ಆ ಅಧಿಕಾರ. ಭತ್ತದ ಮೂಟೆಯನ್ನು ಒಬ್ಬನೇ ಹೊರುವ ಮಾದೇವ ಮೂರು ದಿನ ಕೆಮ್ಮಿ ನರಳಿ, ಈಗ ಸುಮ್ಮನೆ ಮಲಗಿದ್ದನ್ನು ಕಂಡು ಎಲ್ಲರಿಗೂ ನೆಮ್ಮದಿ. ಅವ್ವ ನಂಜುಂಡೇಶ್ವರನಿಗೆ ಹರಕೆ ಹೊತ್ತ ಉರುಳುಸೇವೆಯನ್ನು ಯಾರು ಮಾಡಬೇಕೆಂಬ ಗಂಭೀರ ಚರ್ಚೆಯೂ ಶುರುವಾಗಿತ್ತು.

ಪಕ್ಕದ ಮನೆಯ ನರ್ಸ್ ಸರೋಜ ಬಂದು ಅವನ ಉಗುರು ನೋಡಿದಳು. ನೀಲಿಗಟ್ಟಿತ್ತು. "ಮಾದೇವಣ್ಣ, ಇವತ್ತು ಯಾವ ವಾರ?" ಎಂದರೆ ಅವನಿಗೆ ಹೇಳಲಾಗಲಿಲ್ಲ.

"ಇದು ಜ್ವರ ಇಳ್ದಿರಾದಲ್ಲ ಕಣಣ್ಣ, ಕೈಕಾಲ್ಗೆ ರಕ್ತಾನೇ ಓಡ್ತಿಲ್ಲ. ಗಂಜಿ ಆಮೇಲ್ ಕುಡ್ಸೀರಂತೆ, ಮೊದ್ಲು ಆಂಬುಲೆನ್ಸ್ ಕರ್ಸಿ!"

ನಂಜನಗೂಡಿನಲ್ಲಿ ಡಾಕ್ಟರು, ನ್ಯುಮೋನಿಯಾ, ಸೋಂಕು ರಕ್ತಕ್ಕೂ ಸೇರಿದೆ ಎಂದು ಮೈಸೂರಿಗೆ ಕಳಿಸಿದರು. ಐಸಿಯು ಬಾಗಿಲಲ್ಲಿ ಒಂಬತ್ತು ದಿನ ಕುಳಿತೆ. ತೀರ್ಪು ಕೊಟ್ಟ ಅಂಗೈ ಬೆವರುತ್ತಲೇ ಇತ್ತು.

ತಮ್ಮ ಬದುಕಿ ಬಂದ. ಮನೆಗೆ ಥರ್ಮಾಮೀಟರೂ ಬಂತು. ಆದರೂ ಅವನು ಕೈಕಾಲು ತೊಳೆದು ಬಂದು, ತಣ್ಣನೆಯ ಕೈಯಿಂದ ಕಾಫಿ ಲೋಟ ಇಸಿದುಕೊಳ್ಳುವಾಗ, "ಲೇ, ಇವತ್ತು ಯಾವ ವಾರ?" ಎನ್ನುತ್ತೇನೆ. ಉತ್ತರ ಬರುವವರೆಗೆ ಲೋಟ ಬಿಡುವುದಿಲ್ಲ.