ಹತ್ತಿರದವರಿಗೆ ಕೇಳದ ಕಂಬ

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿ ಯಾರಿಗೂ ಪೂರ್ಣ ಅಂಕ ಕೊಟ್ಟವನಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಒಂದು ಅಂಕವನ್ನು ಭಗವಂತನ ಪಾಲಿಗೆಂದು ತೆಗೆದಿಡುತ್ತಿದ್ದೆ. ಅಂಥವನಿಗೆ ನಿವೃತ್ತಿಯ ನಂತರ ದಿನಾ ಬೆಳಿಗ್ಗೆ ಏಳು ಗಂಟೆಗೆ ಪೂರ್ಣ ಅಂಕ ಸಿಗತೊಡಗಿತು, ಅದೂ ನನ್ನ ಹಳೆಯ ವಿದ್ಯಾರ್ಥಿಗಳಿಂದ. ಅನುಮಾನ ಬರಬೇಕಿತ್ತು. ಬರಲಿಲ್ಲ. ಪೂರ್ಣ ಅಂಕ ಪಡೆದವನು ಅನುಮಾನಪಟ್ಟದ್ದನ್ನು ನನ್ನ ಸೇವಾವಧಿಯಲ್ಲೂ ನಾನು ಕಂಡಿಲ್ಲ.

ನಾನು ಹವ್ಯಾಸಿ ರೇಡಿಯೋದವನು. ಸೇಡಂನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಒಂದು ಮೈಕು, ಗೋಡೆಯ ಮೇಲೆ ಸರ್ಕಾರ ಕೊಟ್ಟ ಲೈಸೆನ್ಸು ಇವೆ. ಇವುಗಳ ಬಲದಿಂದ, ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತನ್ನು ನಾವು ಅರ್ಧ ಗಂಟೆ ಆಡುತ್ತೇವೆ. ನಾವು ಎಂದರೆ ಮೂವರು: ನಾನು, ಶಹಾಬಾದಿನಲ್ಲಿ ಫರ್ಸಿ ಕಲ್ಲಿನ ವ್ಯಾಪಾರ ಮಾಡುವ ಬಸವರಾಜ, ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿರುವ ನರಸಪ್ಪ. ಇಬ್ಬರೂ ನನ್ನ ಕೈಕೆಳಗೆ ಓದಿದವರು. ಈ ಚಟ ಅಂಟಿಸಿದವನೂ ನಾನೇ. ನಮ್ಮಲ್ಲೊಂದು ಸಂಪ್ರದಾಯವಿದೆ. ಒಬ್ಬನ ಮಾತು ಮುಗಿದೊಡನೆ ಕೇಳಿದವನು ಅಂಕ ಕೊಡಬೇಕು. ಮಾತು ಎಷ್ಟು ತಿಳಿಯಿತು ಎಂಬುದಕ್ಕೆ ಐದರೊಳಗೆ, ದನಿ ಎಷ್ಟು ಜೋರಿತ್ತು ಎಂಬುದಕ್ಕೆ ಒಂಬತ್ತರೊಳಗೆ. ಐದು-ಒಂಬತ್ತು ಎಂದರೆ ನೂರಕ್ಕೆ ನೂರು.

ಹಲವು ವರ್ಷ ನನ್ನ ಮಾತುಗಳನ್ನು ಹೊತ್ತೊಯ್ದದ್ದು ಮಹಡಿಯಿಂದ ಬೇವಿನ ಮರಕ್ಕೆ ಅಡ್ಡ ಕಟ್ಟಿದ ಒಂದು ತಂತಿ. ನೋಡುವುದಕ್ಕೆ ಅದರಲ್ಲಿ ಯಾವ ಘನತೆಯೂ ಇರಲಿಲ್ಲ. ಅದರ ಮೇಲೆ ಬಟ್ಟೆ ಒಣಹಾಕುವ ಪ್ರಸ್ತಾಪ ಮನೆಯಲ್ಲಿ ಎರಡು ಸಲ ಬಂದಿತ್ತು. ಹೀಗಿರುವಾಗ ಒಂದು ಪುಸ್ತಕದಲ್ಲಿ ನೆಟ್ಟಗೆ ನಿಲ್ಲುವ ಅಂಟೆನಾದ ಮಹಿಮೆ ಓದಿದೆ. ಮೂವತ್ಮೂರು ಅಡಿಯ ಅಲ್ಯೂಮಿನಿಯಂ ಕೊಳವೆ. ಅದರಿಂದ ಹೊರಟ ಅಲೆ ದಿಗಂತಕ್ಕೆ ಗುರಿಯಿಟ್ಟು ಹೋಗಿ ಸಮುದ್ರದಾಚೆ ಇಳಿಯುತ್ತದಂತೆ. ಆದರೆ ಈ ಅಂಟೆನಾದ ಅರ್ಧ ಭಾಗ ಮಾತ್ರ ಮೇಲೆ ಕಾಣುವುದು. ಉಳಿದರ್ಧ ನೆಲದೊಳಗೆ: ಕಂಬದ ಬುಡದಿಂದ ಬಂಡಿಯ ಗಾಲಿಯ ಅರಗಳಂತೆ ಸುತ್ತಲೂ ತಾಮ್ರದ ತಂತಿಗಳನ್ನು ಹುಗಿಯಬೇಕು. ನೆಲ ಒಳ್ಳೆಯದಿದ್ದಷ್ಟೂ ಕಂಬ ಚೆನ್ನಾಗಿ ಮಾತಾಡುತ್ತದೆ. ಎಲ್ಲಕ್ಕಿಂತ ಶ್ರೇಷ್ಠ ನೆಲ ಯಾವುದೆಂದರೆ ಸಮುದ್ರದ ಉಪ್ಪುನೀರು.

ನಮ್ಮ ಸೀಮೆಯದು ಸುಣ್ಣದ ಕಲ್ಲು. ವಿದ್ಯುತ್ತು ಹರಿಸುವ ವಿಷಯದಲ್ಲಿ ಅದು, ಅಂಕ ಕೊಡುವ ನನ್ನಷ್ಟೇ ಜಿಪುಣ. ವಿಚಿತ್ರವೆಂದರೆ, ಮನೆಮನೆಯ ನೆಲಕ್ಕೂ ನಾವು ಹಾಸುವ ಈ ಫರ್ಸಿಯೆಲ್ಲ ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿತ್ತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಂದರೆ ಈ ಕಂಬ ನೆಡಲು ಜಗತ್ತಿನಲ್ಲೇ ಪ್ರಶಸ್ತವಾದ ಸ್ಥಳ ಸೇಡಂ. ನಾನು ಹತ್ತಾರು ಕೋಟಿ ವರ್ಷ ತಡವಾಗಿ ನಿವೃತ್ತನಾದೆ, ಅಷ್ಟೇ.

ಅಂಗಳದ ಫರ್ಸಿ ಎಬ್ಬಿಸಲು ನನ್ನ ಹೆಂಡತಿ ಸುಶೀಲೆಯ ಒಪ್ಪಿಗೆ ಬೇಕಿತ್ತು. ಅವಳು ದಿನವೂ ಎರಡು ಹೊತ್ತು ತುಳಸಿ ವೃಂದಾವನಕ್ಕೆ ಪ್ರದಕ್ಷಿಣೆ ಹಾಕುವ ಅಂಗಳ ಅದು. ಒಂದು ವಾರ ಯೋಚಿಸಿ ಷರತ್ತು ಹಾಕಿದಳು.

"ಯುಗಾದಿ ತನಕ ಟೈಮ್ ಕೊಡ್ತೀನ್ರಿ. ಹಳೇ ತಂತಿಕಿಂತ ಈ ಕಂಬ ಛಲೋ ಅದ ಅಂತ ತೋರಸ್ರಿ. ಇಲ್ಲಾಂದ್ರ ಕಂಬಾನೂ ನೀವೇ ಇಳಸಬೇಕು, ಫರ್ಸಿನೂ ನೀವೇ ಮೊದಲಿನಂಗ ಕೂಡಸಬೇಕು. ಆಮ್ಯಾಲ ಈ ಮನ್ಯಾಗ ಇನ್ನೊಂದು ಕಂಬದ ಸುದ್ದಿ ತಗೀಬಾರ್ದು."

ಅರವತ್ತೈದು ದಾಟಿದವನಿಗೆ ಕಡೆಯ ವಾಕ್ಯ ಸಣ್ಣ ಮಾತಲ್ಲ. ಇದು ನನ್ನ ಮೊದಲ ಕಂಬ. ಸೋತರೆ ಕೊನೆಯದೂ ಇದೇ.

ಕಲ್ಲೆಬ್ಬಿಸಲು ಬಂದ ಗೌಂಡಿ ಮೊದಲ ದಿನವೇ ಹಾರೆ ಊರಿ ನಿಂತು ಕೇಳಿದ: "ಸರ್, ಮಾತು ಮ್ಯಾಲ ಹೋಗೂದು, ತಂತಿ ಯಾಕ ತಳಗ ಹುಗಸಾಕತ್ತೀರಿ?" ತರಗತಿಯಲ್ಲಿ ಇಂಥ ಪ್ರಶ್ನೆ ಬಂದಾಗ "ಅದು ಸಿಲಬಸ್ಸಿನಲ್ಲಿಲ್ಲ" ಎನ್ನುತ್ತಿದ್ದೆ. ಇಲ್ಲಿ ಆ ಅನುಕೂಲವಿರಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಹೇಳಿ, ಹದಿನಾರು ತಂತಿಗಳನ್ನು ನಾನೇ ಹುಗಿದು, ಕಲ್ಲುಗಳನ್ನು ನಾನೇ ಮರಳಿ ಹಾಸಿದೆ. ಅಂದಿನಿಂದ ಸುಶೀಲೆಯ ಪ್ರದಕ್ಷಿಣೆಗೆ ಖಟ್ ಖಟ್ ಎಂಬ ತಾಳ ಸೇರಿಕೊಂಡಿತು.

ಕಂಬ ನಿಂತಿತು; ಹಳೆಯ ತಂತಿಯೂ ಬೇವಿನ ಮರದಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಗಂಭೀರವಾಗಿ ಘೋಷಿಸಿದೆ: ಇಂದಿನಿಂದ ಹೊಸ ಅಂಟೆನಾ. ಬಸವರಾಜ ಐದು-ಒಂಬತ್ತು ಕೊಟ್ಟ. ನರಸಪ್ಪನೂ ಐದು-ಒಂಬತ್ತು ಕೊಟ್ಟ. ತಿಂಗಳಿಡೀ ಕೊಟ್ಟರು. ಇದನ್ನೆಲ್ಲ ನಾನು ಕೆಳಗಿಳಿದು ಸುಶೀಲೆಗೆ ವರದಿ ಮಾಡುತ್ತಿದ್ದೆ. ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ತಲೆ ಎತ್ತದೆ, "ಅವರು ನಿಮ್ಮ ಶಿಷ್ಯರು. ನಿಮಗ ಕಮ್ಮಿ ಕೊಡೋ ಧೈರ್ಯ ಅವರಿಗೆ ಎಲ್ಲಿ ಅದ?" ಎನ್ನುತ್ತಿದ್ದಳು.

ಒಂದು ಸಣ್ಣ ಕೊರತೆ ಮಾತ್ರ ಕಾಣುತ್ತಿತ್ತು. ಅವರಿಬ್ಬರ ದನಿ ನನಗೆ ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ಅದು ಅವರ ಕಡೆಯ ದೋಷವೆಂದು ನಿರ್ಧರಿಸಿ ಇಬ್ಬರಿಗೂ ಮೂರು-ಮೂರು ಅಂಕ ಕೊಟ್ಟೆ. ತಂತಿ ಸರಿಪಡಿಸಿಕೊಳ್ಳಿರಿ, ಅಲಕ್ಷ್ಯ ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದೆ. ಕಂಬದ ನಿಜವಾದ ಕಾಯಕ ದೂರದೇಶವನ್ನು ಮುಟ್ಟುವುದು, ಅದಕ್ಕೆ ಸಂಜೆಯ ಹೊತ್ತು ಬೇಕು. ಆದರೆ ನನ್ನ ಸಂಜೆಗಳೆಲ್ಲ ಮನೆಗೆ ಬಂದವರೆದುರು ಕಂಬದ ಗುಣಗಾನ ಮಾಡುವುದರಲ್ಲೇ ಕಳೆದವು.

ಯುಗಾದಿಗೆ ಮೂರು ದಿನ ಇರುವಾಗ ಬಸವರಾಜ ಯಾವುದೋ ಕೆಲಸಕ್ಕೆ ಸೇಡಂಗೆ ಬಂದವನು ಮನೆಗೂ ಬಂದ. ಅಂಗಳ ದಾಟುವಾಗ ಎರಡು ಸಲ ಮುಗ್ಗರಿಸಿದ.

"ಇದ್ಯಾವ ಗೌಂಡಿರೀ ಫರ್ಸಿ ಹಾಸಿದವ? ಹಿಂಗ ಹಾಸ್ಯಾನಂದ್ರ ಅವನ ಕೈಯಾಗ ಹಾರಿ ಕೊಡಬಾರ್ದು ನೋಡ್ರಿ."

"ನಾನೇ" ಎಂದೆ. ಬಸವರಾಜ ಬೇವಿನ ಮರವನ್ನು ಬಹಳ ಹೊತ್ತು ನೋಡಿದ.

ಸುಶೀಲೆ ಅವನ ಮುಂದೆ ಮಂಡಕ್ಕಿಯ ಸುಸಲಾ ಇಟ್ಟಳು, ಚಹಾ ಇಟ್ಟಳು, ತಾನೂ ಎದುರಿಗೆ ಕುಳಿತಳು. "ಬಸವರಾಜ, ನನ್ನ ಕೈಲೆ ಉಂಡೀದಿ. ಖರೇ ಹೇಳು. ಸರ್ ಮಾತು ಹೊಸ ಕಂಬದಾಗ ಹೆಂಗ ಕೇಳಸ್ತದ?"

ಅವನು ನನ್ನನ್ನು ನೋಡಿದ, ಸುಸಲಾ ನೋಡಿದ. ಸುಸಲಾ ಗೆದ್ದಿತು.

"ಬೈಬ್ಯಾಡ್ರಿ ಸರ್. ಅಮ್ಮಾರ, ತಿಂಗಳಾತು, ಒಂದು ಮಾತೂ ತಿಳದಿಲ್ರಿ. ಸೊಳ್ಳಿ ಗುಂಯ್ ಅಂದಂಗ ಕೇಳಸ್ತದ. ಗುಂಯ್ ಅನ್ನೂದು ನಿಂತಕೂಡ್ಲೆ ಐದು-ಒಂಬತ್ತು ಅಂತೀನ್ರಿ."

"ಮತ್ತ ನಾ ಕೇಳಿದ್ದಕ್ಕ ಜವಾಬು ಹೆಂಗ ಕೊಡ್ತಿದ್ದಿ?" ಎಂದೆ.

"ನರಸಪ್ಪಗ ಫೋನ್ ಹಚ್ಚಿ, ಸರ್ ಏನಂದ್ರೋ ಅಂತ ಕೇಳತಿದ್ದೆ ಸರ್. ಅವನೂ ಅದೇ ಕೇಳಾಕ ನನಗ ಹಚ್ಚತಿದ್ದ. ಆಮ್ಯಾಲ ಇಬ್ರೂ ಕೂಡಿ ಅಂದಾಜ ಮಾಡ್ತಿದ್ವಿ. ಮೊದಲು ಹವಾ. ಆಮ್ಯಾಲ ಅಂಟೆನಾ. ಆಮ್ಯಾಲ ನೀವು ಯೂನಿವರ್ಸಿಟಿ ಪೇಪರ್‌ದಾಗ ತಪ್ಪು ಹಿಡದದ್ದು." ಅಭಿಮಾನದಿಂದಲೇ ಸೇರಿಸಿದ: "ಒಂದು ದಿನಾನೂ ಅಂದಾಜ ತಪ್ಪಿಲ್ರಿ ಸರ್. ಆದ್ರ ನೀವು ಮೂರು-ಮೂರು ಕೊಟ್ರಿ ಅಂತ ಎರಡು ಸಲ ಮಾಳಿಗಿ ಏರಿ ತಂತಿ ಬಿಗದೀನಿ."

ಸುಶೀಲೆ ಒಳಗೆ ಹೋದಳು. ಅಡುಗೆಮನೆಯಿಂದ ಬಂದ ಸದ್ದು ಕೆಮ್ಮಿನದೆಂದು ನಂಬಲು ಪ್ರಯತ್ನಿಸಿದೆ.

ಇದರಲ್ಲಿ ರಹಸ್ಯವೇನೂ ಇಲ್ಲ. ಅಲೆಯನ್ನು ಆಕಾಶಕ್ಕೆ ನೆಟ್ಟಗೆ ಏರಿಸಿ ಪಕ್ಕದೂರಿನಲ್ಲಿ ಇಳಿಸುವುದು ಅಡ್ಡ ತಂತಿಯ ಕೆಲಸ. ನೆಟ್ಟಗಿನ ಕಂಬಕ್ಕೆ ನೆರೆಹೊರೆಯ ಗುರುತಿಲ್ಲ. ಪುಸ್ತಕದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿತ್ತು. ಆ ವಾಕ್ಯಕ್ಕೆ ನಾನೇ ಅಡಿಗೆರೆ ಎಳೆದಿದ್ದೆ, ಸ್ಕೇಲು ಇಟ್ಟು.

ಯುಗಾದಿಯ ಹಿಂದಿನ ಸಂಜೆ, ಕೊಟ್ಟ ಮಾತಿನಂತೆ ಕಂಬ ಇಳಿಸಲು ಹಾರೆ ತೆಗೆದಿಟ್ಟೆ. ಇಳಿಸುವ ಮೊದಲು ಒಂದು ಸಲ ಪೆಟ್ಟಿಗೆಯ ಮುಂದೆ ಕುಳಿತೆ. ಸೂರ್ಯ ಮುಳುಗುತ್ತಿದ್ದ. ಗೊರಗೊರ ಸದ್ದಿನ ನಡುವೆ ಒಂದು ತೆಳ್ಳಗಿನ ದನಿ ಯಾರಾದರೂ ಇದ್ದೀರಾ ಎಂದು ಇಂಗ್ಲಿಷಿನಲ್ಲಿ ಕೂಗುತ್ತಿತ್ತು. ಜಪಾನಿನ ಉತ್ತರದ ದ್ವೀಪದ ಒಬ್ಬ ಮುದುಕ. ಪೆಟ್ಟಿಗೆಯ ಗುಂಡಿಯನ್ನು ಹಳೆಯ ತಂತಿಗೆ ತಿರುಗಿಸಿದೆ: ದನಿ ಮಾಯ. ಕಂಬಕ್ಕೆ ತಿರುಗಿಸಿದೆ: ಮುದುಕ ಹಾಜರು. ಮೈಕು ಒತ್ತಿ ಉತ್ತರ ಕೊಟ್ಟೆ. ಅವನು ಮೂರು ಸಲ ನನ್ನ ಹೆಸರು ಕೇಳಿ, ಕ್ಷಮೆ ಬೇಡಿ, ನನಗೆ ಮೂರು-ನಾಲ್ಕು ಅಂಕ ಕೊಟ್ಟ. ನನ್ನ ಶಿಷ್ಯನಲ್ಲದ ಒಬ್ಬ ಮನುಷ್ಯ ಪ್ರಾಮಾಣಿಕವಾಗಿ ನನ್ನನ್ನು ಅಲ್ಪಸ್ವಲ್ಪ ಕೇಳಿಸಿಕೊಂಡಿದ್ದ. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದೆ; ಮೊಣಕಾಲು ಇದನ್ನು ಇನ್ನೂ ಮರೆತಿಲ್ಲ.

ಸುಶೀಲೆ ತುಳಸಿಗೆ ದೀಪ ಹಚ್ಚಿ ನಿಂತಿದ್ದಳು. ಎಲ್ಲ ಹೇಳಿದೆ. ಅವಳು ಕಂಬವನ್ನೊಮ್ಮೆ, ಹಾರೆಯನ್ನೊಮ್ಮೆ ನೋಡಿದಳು.

"ಅಷ್ಟು ದೂರದವರಿಗೆ ಏನ್ ಹೇಳಿದ್ರಿ?"

"ಹೆಸರು, ಊರು, ಹವಾ."

"ಅಷ್ಟೇ?"

"ಅಷ್ಟೇ."

"ಹಂಗಾದ್ರ ಇರ್ಲಿ ಬಿಡ್ರಿ ಕಂಬ. ಅವರಾದ್ರೂ, ಪಾಪ, ನಿಮ್ಮ ಮಾತು ಮೊದಲ್ನೇ ಸಲ ಕೇಳ್ಲಿಕತ್ತಾರ. ಫರ್ಸಿ ಮಾತ್ರ ಬಸವರಾಜನ ಮಂದಿ ಕಡಿಂದ ಸರಿ ಮಾಡಸ್ರಿ."

ಹೀಗೆ ಕಂಬ ಉಳಿಯಿತು. ಈಗ ಸಂಜೆ ದೂರದವರಿಗೆ ಕಂಬ, ಬೆಳಿಗ್ಗೆ ಹತ್ತಿರದವರಿಗೆ ಹಳೆಯ ತಂತಿ. ಆದರೆ ಸುಶೀಲೆಯ ತೀರ್ಪು ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಇಷ್ಟು ವರ್ಷ ಒಂದೇ ಮಾತು ಕೇಳಿಸಿಕೊಂಡ ಈ ಬಡಪಾಯಿಗಳಿಗೂ ಅದೇ ದಯೆ ತೋರಬೇಕಲ್ಲವೇ? ಹಬ್ಬದ ಮರುದಿನ ಬೆಳಿಗ್ಗೆ ಹೆಸರು, ಊರು, ಹವಾ ಹೇಳಿ ಮೈಕು ಬಿಟ್ಟೆ.

ಎಂದಿನಂತೆ ಅಂಕ ಬರಲಿಲ್ಲ. ಬಂದದ್ದು ಬಸವರಾಜನ ಗಾಬರಿಯ ದನಿ: "ಸರ್? ಮೈಯಾಗ ಆರಾಮ ಅದ ಇಲ್ರಿ?" ಅಷ್ಟರಲ್ಲಿ ಕೆಳಗೆ ಸುಶೀಲೆಯ ಮೊಬೈಲು ಬಡಿಯತೊಡಗಿತು. ವಾಡಿಯಿಂದ ನರಸಪ್ಪ.

ಗಂಟಲು ಸರಿಪಡಿಸಿಕೊಂಡು, ಯೂನಿವರ್ಸಿಟಿಯ ಆ ಪ್ರಶ್ನೆಪತ್ರಿಕೆಯ ವಿಷಯ ಎತ್ತಿದೆ. ಆ ಕಡೆ ಇಬ್ಬರೂ ಸಮಾಧಾನದಿಂದ ಕೇಳತೊಡಗಿದರು.